ಮಂಡಿ ಸವೆತಕ್ಕೆ ಅರಿಸಿನದ ಹಾಲು ಸಾಕೇ?

ಪ್ರಶ್ನೆ: ಅಮ್ಮನಿಗೆ 64 ವರ್ಷ, ಮಂಡಿ ಸವೆದಿದೆ. ದಿನಾ ರಾತ್ರಿ ಅರಿಸಿನದ ಹಾಲು ಕುಡಿದರೂ ನೋವು ಇಳಿದಿಲ್ಲ. ಅರಿಸಿನ ಹೆಚ್ಚಿಸಲೇ?
– ಓದುಗರು, ಶಿರಸಿ

ಉತ್ತರ: ಹೆಚ್ಚಿಸಿ ಪ್ರಯೋಜನವಿಲ್ಲ. ಒಂದು ಚಮಚ, ಅಂದರೆ 3 ಗ್ರಾಂ ಪುಡಿಯಲ್ಲಿ ಕರ್ಕ್ಯುಮಿನ್ (ಅರಿಸಿನದ ನೋವು ತಗ್ಗಿಸಬಲ್ಲ ಅಂಶ) ಇರುವುದು 90 ಮಿಲಿಗ್ರಾಂ ಆಸುಪಾಸು. ಮಂಡಿನೋವಿನ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕೊಟ್ಟದ್ದು ದಿನಕ್ಕೆ 500ರಿಂದ 1500 ಮಿಲಿಗ್ರಾಂ ಅರಿಸಿನದ ಸಾರ. ಕರ್ಕ್ಯುಮಿನ್ ನೀರಿನಲ್ಲಿ ಕರಗದು; ಒಂದಿಷ್ಟು ಲೋಟದ ತಳದ ಹಳದಿ ಗಸಿಯಲ್ಲೇ ಉಳಿಯುತ್ತದೆ, ಹೊಟ್ಟೆಗಿಳಿದದ್ದನ್ನೂ ಕರುಳು ಹೀರುವುದು ಅತ್ಯಲ್ಪ. ನಿಮ್ಮ ತೋಟದ ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್ ಈ ಹೀರಿಕೆ ಹೆಚ್ಚಿಸುತ್ತದೆ ನಿಜ, ಆದರೆ ಬೇರೆ ಕೆಲವು ಔಷಧಗಳ ಮಟ್ಟವನ್ನೂ ರಕ್ತದಲ್ಲಿ ಏರಿಸುತ್ತದೆ.

ಡಾಕ್ಟರನ್ನು ಕೇಳಿ, ಸಾರದ ಮಾತ್ರೆಯನ್ನು ಊಟದ ಜತೆ 4–6 ವಾರ ಕೊಟ್ಟು ನೋಡಿ. ಗುಣ ಕಾಣದಿದ್ದರೆ ಬಿಡಿ. ನೋವು ತಗ್ಗಬಹುದು, ಸವೆದ ಮೃದ್ವಸ್ಥಿ (ಕೀಲಿನೊಳಗಿನ ಮೆತ್ತೆ) ಮರಳದು. ರಕ್ತ ತೆಳುವಾಗಿಸುವ ಮಾತ್ರೆ, ಪಿತ್ತಕಲ್ಲು, ಲಿವರ್ ತೊಂದರೆ ಇದ್ದರೆ ಮುಟ್ಟಲೇ ಬೇಡಿ. ಕಣ್ಣು ಹಳದಿಯಾದರೆ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.