ಗಾಳಿ ಎದ್ದಾಗ ಕಯಾಕ್ ಮಗುಚದಂತೆ ಮೀನು ಹಿಡಿಯುವುದು ಹೇಗೆ?

ಪ್ರಶ್ನೆ: ತುಂಗಭದ್ರೆಯ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನಲ್ಲಿ ಗಾಳ ಹಾಕಲು ಹತ್ತಡಿಯ ಪ್ಲಾಸ್ಟಿಕ್ ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಕೊಂಡಿದ್ದೇನೆ. ಮೇಲೆ ಕೂರುವ ಮಾದರಿ. ಹೋದ ತಿಂಗಳು ಮಧ್ಯಾಹ್ನ ಗಾಳಿ ಎದ್ದಿತು. ಪಕ್ಕಕ್ಕೆ ಬಾಗಿ ಮೀನು ಎತ್ತುವಾಗ ಮಗುಚಿ ಬಿದ್ದೆ. ಲೈಫ್ ಜಾಕೆಟ್ ಇತ್ತು, ಬದುಕಿದೆ. ಇನ್ನೂ ಅಗಲದ್ದನ್ನು ಕೊಳ್ಳಬೇಕೇ?
ಓದುಗರೊಬ್ಬರು, ಮುಂಡರಗಿ

ಉತ್ತರ: ಜಾಕೆಟ್ ಹಾಕಿಕೊಂಡಿದ್ದಿರಿ ಅಂತ ಓದಿ ಸಮಾಧಾನವಾಯಿತು. ಹೊಸ ಕಯಾಕಿಗೆ ಈಗಲೇ ದುಡ್ಡು ಸುರಿಯಬೇಡಿ. ಕಾರಣ ನಿಮ್ಮ ಪತ್ರದಲ್ಲೇ ಇದೆ: 'ಪಕ್ಕಕ್ಕೆ ಬಾಗಿ'. ತಲೆ ಅಂಚು ದಾಟಿತು ಅಂದರೆ ಮೈಭಾರವೂ ಅದರ ಹಿಂದೆ ಹೋಗುತ್ತದೆ.

ನಾನು ಗಳಗನಾಥದ ಕಡೆ, ವರದಾ ನದಿ ತುಂಗಭದ್ರೆಗೆ ಸೇರುವಲ್ಲಿ, ಹರಿಗೋಲಿನಲ್ಲಿ ಓಡಾಡಿ ಬೆಳೆದವನು. ಹತ್ತಿದ ಕೂಡಲೇ ಅಂಬಿಗರು ಹೇಳುವ ಮಾತು ಒಂದೇ: "ಕೆಳಗ ಕುಂದರ್ರೀ, ನಿಂದರಬ್ಯಾಡ್ರಿ." ಕಯಾಕಿಗೂ ಅದೇ ಮಾತು. ಸೀಟು ಎತ್ತರಿಸುವಂತಿದ್ದರೆ ಗಾಳಿ ಬಂದಾಗ ತಗ್ಗಿಸಿ. ಐಸ್ ಡಬ್ಬಿ, ಮೀನಿನ ಚೀಲ ನಡುಗೆರೆಯ ಮೇಲೆ, ತಳಕ್ಕೆ ತಾಗಿರಲಿ.

ಅಗಲದ ಕಯಾಕ್ ನಿಂತ ನೀರಿನಲ್ಲಿ ಗಟ್ಟಿ, ನಿಜ. ಆದರೆ ತಳ ಚಪ್ಪಟೆಯಾಗಿದ್ದರೆ ಪಕ್ಕದಿಂದ ಬಂದ ಅಲೆ ವಾಲಿದಷ್ಟೇ ಅದೂ ವಾಲುತ್ತದೆ. ಅದಕ್ಕೇ ಅಲೆಗೆ ಮೈ ಅಡ್ಡ ಕೊಡಬೇಡಿ. ಮೂತಿಯನ್ನು ಅಲೆಗೆ ನೇರವಾಗಿ, ಇಲ್ಲವೇ ಸ್ವಲ್ಪ ಓರೆಯಾಗಿ ಹಿಡಿಯಿರಿ. ಸೊಂಟ ಸಡಿಲ ಬಿಡಿ. ಕಯಾಕ್ ಅಲುಗಾಡಲಿ, ಎದೆ ನೆಟ್ಟಗಿರಲಿ. ಹುಟ್ಟು ಹಾಕುತ್ತಲೇ ಇರಿ. ಹೆದರಿ ಹುಟ್ಟು ಎತ್ತಿ ಅಂಚು ಹಿಡಿದುಕೊಳ್ಳುವುದೇ ಜಾಸ್ತಿ ಅಪಾಯ.

ಮೀನು ಸುಸ್ತಾಗುವವರೆಗೆ ಆಡಿಸಿ, ಮೊಣಕಾಲಿನ ಪಕ್ಕಕ್ಕೆ ತನ್ನಿ. ಎರಡೂ ಕಾಲನ್ನು ಎರಡು ಬದಿಗೆ ನೀರಿಗೆ ಇಳಿಬಿಟ್ಟು, ಉದ್ದ ಹಿಡಿಯ ಬಲೆಯಿಂದ ಎತ್ತಿ. ದೊಡ್ಡ ಬಾಳೆಮೀನು ಜಗ್ಗಿ ಕಯಾಕ್ ವಾಲಿತಾ? ದಾರ ಸಡಿಲಿಸಿ. ಹೋದರೆ ಹೋಗಲಿ.

ಲಂಗರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಒಮ್ಮೆ ವರದೆಯ ಸೆಳವಿನಲ್ಲಿ ನಾನು ಲಂಗರಿನ ಹಗ್ಗವನ್ನು ಪಕ್ಕದ ಹಿಡಿಗೆ ಕಟ್ಟಿದ್ದೆ. ಲಂಗರಿನ ಕಲ್ಲು ತಳದಲ್ಲಿ ಸಿಕ್ಕಿಕೊಂಡಿತು. ಹಗ್ಗ ತಂತಿಯಂತೆ ಬಿಗಿಯಿತು, ಆ ಕಡೆಯ ಅಂಚು ಬೆರಳಷ್ಟು ಬೆರಳಷ್ಟೇ ಇಳಿಯಿತು, ತೊಡೆಯ ಮೇಲೆ ತಣ್ಣನೆ ನೀರು ಹರಿಯಿತು. ಗಂಟು ಬಿಚ್ಚಲು ಬಾಗಿದೆ, ಮರುಕ್ಷಣ ನೀರೊಳಗಿದ್ದೆ. ಅಂದಿನಿಂದ ಜೋರು ಸೆಳವಿನಲ್ಲಿ ನಾನು ಲಂಗರು ಹಾಕುವುದಿಲ್ಲ. ನಿಂತ ನೀರಿನಲ್ಲೂ ಹಗ್ಗ ಮೂತಿಗೋ ಬಾಲಕ್ಕೋ ಇರಬೇಕು. ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ. ಕೈಗೆಟುಕುವಲ್ಲಿ ಚಾಕು ಇರಲಿ.

ಹೊರಡುವ ಮುಂಚೆ ಕಯಾಕನ್ನು ಒಮ್ಮೆ ಅಲುಗಾಡಿಸಿ. ಒಳಗೆ ಗಳಗಳ ಸದ್ದು ಬಂದರೆ ಟೊಳ್ಳಿನಲ್ಲಿ ನೀರು ಸೇರಿದೆ. ವಾಲಿದ ಕಡೆಗೇ ಅದು ಓಡಿ ಇನ್ನಷ್ಟು ವಾಲಿಸುತ್ತದೆ. ಬಿರಡೆ ತೆಗೆದು ಬಸಿದು, ಮತ್ತೆ ಬಿಗಿ ಮಾಡಿ.

ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆಯೇ ಹೋಗಿ ಬನ್ನಿ. ಮಧ್ಯಾಹ್ನದ ಮೇಲೆ ಮೋಡ ಕಪ್ಪಾದರೆ ಗುಡುಗಿಗೆ ಕಾಯದೆ ದಡ ಸೇರಿ.

ಮತ್ತೆ ಹತ್ತುವುದನ್ನೂ ಕಲಿಯಿರಿ. ಎದೆಮಟ್ಟದ ನೀರಿನಲ್ಲಿ, ದಡದಲ್ಲಿ ಒಬ್ಬರನ್ನು ನಿಲ್ಲಿಸಿ, ಬೇಕಂತಲೇ ಮಗುಚಿ. ಕಯಾಕ್ ತಿರುಗಿಸಿ, ನಡುವಿಗೆ ಬನ್ನಿ. ಕಾಲು ಜೋರಾಗಿ ಬಡಿದು ಹೊಟ್ಟೆಯ ಮೇಲೆ ಅಡ್ಡ ಮಲಗಿ, ಹೊರಳಿ ಕೂತು, ಆಮೇಲೆ ಕಾಲು ಒಳಗೆ ತನ್ನಿ. ಮೊದಲ ಸಲ ಆಗಲಿಕ್ಕಿಲ್ಲ. ಸತತ ಮೂರು ಸಲ ಹತ್ತಲು ಬಂದ ಮೇಲೆ ಆಳಕ್ಕೆ ಹೋಗಿ.