ಬೇಕಲ ಕೋಟೆಯ ಬಿಂದು ನಕ್ಷೆಯಲ್ಲಿ ಉತ್ತರ ಧ್ರುವದ ಕಡೆಗೆ ಹೋಗುವುದೇಕೆ?

ಅಕ್ಷಾಂಶ, ರೇಖಾಂಶಗಳು ಅದಲುಬದಲಾಗಿರುವುದೇ ಇದಕ್ಕೆ ಕಾರಣ. ಕಾಸರಗೋಡು ಜಿಲ್ಲೆಯ ಬೇಕಲ ಕೋಟೆ ಸುಮಾರು 12.39 ಡಿಗ್ರಿ ಉತ್ತರ ಅಕ್ಷಾಂಶ, 75.03 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಸಿಗುವ "12.39, 75.03" ಎಂಬುದನ್ನು ಜಿಯೋಜೇಸನ್ (ನಕ್ಷೆಯ ಬಿಂದು, ಗೆರೆಗಳ ಮಾಹಿತಿಯನ್ನು ಪಠ್ಯವಾಗಿ ಬರೆದಿಡುವ ಒಂದು ವಿಧಾನ) ಕಡತದಲ್ಲಿ ಹಾಗೆಯೇ ಬರೆದರೆ, ತಂತ್ರಾಂಶವು 75.03 ಅನ್ನು ಅಕ್ಷಾಂಶವೆಂದು ಓದಿ, ಕೋಟೆಯನ್ನು ನಾರ್ವೆಗೂ ಸ್ವಾಲ್ಬಾರ್ಡ್ ದ್ವೀಪಗಳಿಗೂ ನಡುವಿನ ಸಮುದ್ರದಲ್ಲಿ ಇಟ್ಟುಬಿಡುತ್ತದೆ.

ಅಕ್ಷಾಂಶವನ್ನು ಮೊದಲು ಹೇಳುವುದು ನಾವಿಕರ ಹಳೆಯ ರೂಢಿ. ಸ್ಥಳಗಳನ್ನು ಅಕ್ಷಾಂಶ, ರೇಖಾಂಶಗಳಲ್ಲಿ ಗುರುತಿಸುವ ಇಪಿಎಸ್‌ಜಿ 4326 ಎಂಬ ನಿರ್ದೇಶಾಂಕ ವ್ಯವಸ್ಥೆಯ ವ್ಯಾಖ್ಯೆಯೂ ಅದನ್ನೇ ಅನುಸರಿಸುತ್ತದೆ. ಆದರೆ ಪರದೆಯ ಮೇಲೆ ನಕ್ಷೆ ಬಿಡಿಸುವ ತಂತ್ರಾಂಶಗಳಲ್ಲಿ ಅನೇಕವು, ಶಾಲೆಯ ಗ್ರಾಫ್ ಹಾಳೆಯಲ್ಲಿ ಮಾಡುವಂತೆ, ಅಡ್ಡ ಅಳತೆಯಾದ ಎಕ್ಸ್ ಅನ್ನು ಮೊದಲು ಕೇಳುತ್ತವೆ. ಪೂರ್ವ-ಪಶ್ಚಿಮವಾಗಿ ಅಳೆಯುವ ರೇಖಾಂಶವೇ ಆ ಎಕ್ಸ್. 2016ರ ಜಿಯೋಜೇಸನ್ ಮಾನಕವೂ ರೇಖಾಂಶವನ್ನೇ ಮೊದಲಿಡುತ್ತದೆ.

ನಮ್ಮ ಕರಾವಳಿಯವರು ಇಲ್ಲಿ ವಿಶೇಷವಾಗಿ ಎಚ್ಚರದಿಂದಿರಬೇಕು. ಅಕ್ಷಾಂಶ 90 ದಾಟುವಂತಿಲ್ಲವಾದ್ದರಿಂದ, ರೇಖಾಂಶ 91 ದಾಟಿರುವ ಗುವಾಹಾಟಿಯ ಬಿಂದು ತಿರುಗುಮುರುಗಾದರೆ ಅಸಾಧ್ಯವಾದ ಸಂಖ್ಯೆ ಬಂದು ತಪ್ಪು ಸಿಕ್ಕಿಬೀಳುತ್ತದೆ. ನಮ್ಮ 75 ಮಾತ್ರ ಒಪ್ಪುವ ಅಕ್ಷಾಂಶವೇ ಆಗಿರುವುದರಿಂದ ಎಚ್ಚರಿಕೆಯ ಸಂದೇಶ ಬರುವುದಿಲ್ಲ. ಭಾರತದೊಳಗಿನ ಯಾವುದೇ ಸ್ಥಳಕ್ಕೂ ಎರಡರಲ್ಲಿ ದೊಡ್ಡ ಸಂಖ್ಯೆಯೇ ರೇಖಾಂಶ. ಆದ್ದರಿಂದ ನಿಮ್ಮ ಕಡತದಲ್ಲಿ [75.03, 12.39] ಎಂದು ಬರೆಯಿರಿ.