ಅರಸು ಒಬ್ರೇ ಸಾಕಾಗಿತ್ತಾ?

ಶ್ರೀರಂಗಪಟ್ಟಣದ ಓದುಗರೊಬ್ರು ಕಾಗದ ಬರ್ದಿದಾರೆ: ದೇವರಾಜ ಅರಸು ಇಲ್ದೇ ಹೋಗಿದ್ರೆ ಗೇಣಿದಾರ್ರ ಕೈಗೆ ಭೂಮಿ ಬರ್ತಾನೇ ಇರ್ಲಿಲ್ಲ, ಈಗ ಅಂಥ ಲೀಡರ್ ಇಲ್ಲ, ಅದಕ್ಕೇ ಏನೂ ಬದಲಾಗಲ್ಲ, ನೀವೇನಂತೀರಿ?

ಸಂಪಾದಕರ ಉತ್ತರ: ಅರ್ಧ ಒಪ್ತೀನಿ ಸಾರ್. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯೋರು ಅಂತ ಮೈಸೂರಿನ ನಮಗೆ ಅಭಿಮಾನ ಒಂದು ಕೈ ಜಾಸ್ತೀನೇ. ಆದ್ರೆ ಅವರು ಮುಖ್ಯಮಂತ್ರಿ ಆಗೋಕೆ ಮುಂಚೇನೇ 1961ರ ಭೂಸುಧಾರಣಾ ಕಾಯ್ದೆ ಇತ್ತು, ತೂತುಗಳೂ ಬೇಕಾದಷ್ಟಿದ್ವು, ಅದಕ್ಕೂ ಹತ್ತು ವರ್ಷ ಹಿಂದೆ ಸಾಗರದ ಕಾಗೋಡಲ್ಲಿ ಗೇಣಿದಾರ್ರು ಜಮೀನ್ದಾರ್ರ ವಿರುದ್ಧ ಹೋರಾಡಿ ಜೈಲಿಗೆ ಹೋಗಿ ಬಂದಿದ್ರು. ಅರಸು ಜಾಣತನ ಇರೋದು ಬೇರೆ ಕಡೆ. 1974ರಲ್ಲಿ ಜಾರಿಗೆ ಬಂದ ತಿದ್ದುಪಡೀಲಿ ಗೇಣಿ ತಕರಾರನ್ನ ತಾಲ್ಲೂಕಿನ ಭೂ ನ್ಯಾಯಮಂಡಳಿಗೆ ಕೊಟ್ರು, ಅಲ್ಲಿಗೆ ವಕೀಲರು ಬರೋ ಹಂಗಿಲ್ಲ ಅಂದ್ರು. ಕಾಸಿದ್ದೋನಿಗೆ ಲಾಯರ್ರು, ಇಲ್ದೋನಿಗೆ ಬಾಯೂ ಇಲ್ಲ ಅನ್ನೋ ಆಟಕ್ಕೆ ಬಿದ್ದ ಪೆಟ್ಟದು.

ಸರಿ, ಗೇಣಿ ಮಾಡ್ತಿದ್ದ ಭೂಮಿ ನಂಗೆ ಕೊಡಿ ಅಂತ ಕೇಳೋ ಅರ್ಜಿ, ಅಂದ್ರೆ ಫಾರಂ 7, ತುಂಬೋಕೆ ಅರಸು ಮನೆಮನೆಗೆ ಬಂದಿದ್ರಾ? ನಮ್ಮಜ್ಜನ ಟ್ರಂಕಲ್ಲಿ ಒಂದು ಪ್ರತಿ ಇನ್ನೂ ಇದೆ, ಸರ್ವೆ ನಂಬರೆಲ್ಲ ಊರ ಮೇಷ್ಟ್ರ ದುಂಡಕ್ಷರದಲ್ಲಿ, ಕೆಳಗೆ ಅಜ್ಜನ ಹೆಬ್ಬೆಟ್ಟು, ನೇರಳೆ ಇಂಕು ಹರಡ್ಕೊಂಡಿದೆ. ಅರ್ಜಿ ಹಾಕಿದ್ಮೇಲೆ ಒಂದು ವರ್ಷ ಜಮೀನ್ದಾರ್ರ ಮನೆ ಮುಂದೆ ಬಿಂದಿಗೆ ಹಿಡ್ಕೊಂಡು ಹೋಗೋಕೇ ಎದೆ ಹೊಡ್ಕೊಳ್ಳೋದು ಅಂತ ಅಜ್ಜಿ ಹೇಳೋರು. ಸಿಕ್ಕಿದ್ದು ಮುಕ್ಕಾಲೆಕರೆ. (ನಮ್ ಮೈಸೂರು ಮಂಡ್ಯ ಸೀಮೇಲಿ ಗೇಣಿ ಕಮ್ಮಿ ಬಿಡಿ, ಊರಿಗೂರೇ ಅದಲುಬದಲಾಗಿದ್ದು ಕರಾವಳೀಲಿ.)

ಅದೇ ಅರಸು ಸಂಪುಟದ ಬಸವಲಿಂಗಪ್ಪನವರನ್ನ ನೋಡಿ, ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸ್ದೋರು. 1973ರ ನವೆಂಬರಲ್ಲಿ ಇದೇ ಮೈಸೂರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾನೇ ಜಾಸ್ತಿ ಅನ್ನೋ ಅರ್ಥದಲ್ಲಿ ಮಾತಾಡಿದ್ರು, ಗಲಾಟೆ, ಹೊಡೆದಾಟ, ಕೊನೆಗೆ ಮಂತ್ರಿಗಿರಿನೇ ಹೋಯ್ತು. ನಿಮ್ ಲೆಕ್ಕದ ಪ್ರಕಾರ ಕತೆ ಅಲ್ಲಿಗೇ ಮುಗೀಬೇಕಿತ್ತಲ್ವಾ? ಆದ್ರೆ ದಲಿತ ಹುಡುಗ್ರು ಅವರ ಪರ ಬೀದಿಗಿಳಿದು ಏಟು ತಿಂದ್ರಲ್ಲ, ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟೋಕೆ ನೆಲ ಹದ ಆಗಿದ್ದು ಆ ಗಲಾಟೇಲೇ. ಬಸವಲಿಂಗಪ್ಪ ಕುರ್ಚಿ ಮೇಲೇ ಇದ್ದಿದ್ರೆ ಅಷ್ಟಾಗ್ತಿತ್ತಾ, ನಂಗಂತೂ ಡೌಟು.

ಒಂದು ಕೆಲ್ಸ ಮಾಡಿ, ನಿಮ್ಮೂರಲ್ಲಿ ಫಾರಂ 7 ಬರ್ಕೊಟ್ಟೋರು ಯಾರು ಅಂತ ಹಿರೀಕರನ್ನ ವಿಚಾರ್ಸಿ. ಹೆಸರು, ಫೋಟೋ ಸಿಕ್ರೆ ಕಳ್ಸಿ, ಅರಸು ಫೋಟೋ ಪಕ್ಕದಲ್ಲೇ ಹಾಕ್ತೀವಿ.